ಕಂಬದ ಮೇಲೆ ಹರಲಾಂಪಿ ಮಾಮ

ಮಾರ್ಚ್ 9, 2010, ಮಂಗಳವಾರ

ಪಾಸ್‌ವರ್ಡ್ ಮತ್ತೆ ಮರೆತೆ. ಯಾವುದು ಹೊಡೆದರೂ ಯಂತ್ರ ಒಪ್ಪುತ್ತಿಲ್ಲ. ತಪ್ಪು, ಮತ್ತೊಮ್ಮೆ ಪ್ರಯತ್ನಿಸಿ ಎನ್ನುತ್ತದೆ, ಮೆತ್ತಗೆ. ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಬಿಸೆರಾ ಅಕ್ಕ ಕಾರ್ಡಿನ ಡ್ರಾಯರುಗಳ ಹಿಂದಿನಿಂದ ಕೇಳಿದರು: “ಏನಂತೆ ನಿನ್ನ ಮಹಾರಾಣಿ?”

“ಒಳಗೆ ಬಿಡ್ತಾ ಇಲ್ಲ ಅಕ್ಕಾ.”

“ಒಳ್ಳೇದಾಯ್ತು. ಹೊರಗೇ ಇರು. ಹೊರಗೆ ಪುಸ್ತಕ ಇದೆ, ಒಲೆ ಇದೆ, ನಾನಿದೀನಿ.”

ಅವರು ಇಲ್ಲಿಯ ಹಿರಿಯ ಗ್ರಂಥಪಾಲಕಿ. ಮದುವೆಯಾಗಿ ಗೋರ್ನಾ ಲೀಪಕ್ಕೆ ಬಂದಾಗಿನಿಂದ ಇದೇ ಓದುಮನೆಯ, ಎಂದರೆ ಊರಿನ ಓದು-ಕಲೆಗಳ ಸಂಘದ, ಮಹಡಿಯ ಗ್ರಂಥಾಲಯದಲ್ಲಿ. ಕೆಳಗಿನ ಹಾಲ್‌ನಲ್ಲಿ ಕುಣಿತದವರು ಕಾಲು ಬಡಿದಾಗ ನಮ್ಮ ಕಪಾಟೆಲ್ಲ ಅದುರುತ್ತವೆ, ಅವರು ಅದುರುವುದಿಲ್ಲ. ಆದರೆ ಕಂಪ್ಯೂಟರ್ ಮಾತ್ರ ಮುಟ್ಟರು. ಮುಟ್ಟಿದ್ದೆಲ್ಲ ಮೂಲೆ ಸವೆದ ಕಾರ್ಡಾಗಿರಬೇಕು ಅವರಿಗೆ.

ಪತ್ರಿಕೆ ಕೋಣೆಯಲ್ಲಿ ಜಿಲ್ಲೆಯಿಂದ ಬಂದ ಹೊಸ ಕಂಪ್ಯೂಟರಿನ ಪೆಟ್ಟಿಗೆಗಳು ಹಾಗೇ ಕೂತಿವೆ. ಕಲಿಯುವುದಕ್ಕೆಂದು ಒಂದನ್ನು ಬಿಚ್ಚಿದ್ದೇವೆ, ಮಿಕ್ಕವಕ್ಕೆ ಟೇಪು ಹಚ್ಚಿದಂತೆಯೇ ಇದೆ. ಮೇ ಕೊನೆಯವರೆಗೆ ಪರೀಕ್ಷೆಯ ಕಾಲವಂತೆ. ಅಷ್ಟರೊಳಗೆ ಗ್ರಂಥಾಲಯಕ್ಕೆ ಇಂಟರ್ನೆಟ್ಟಿನಲ್ಲಿ ಒಂದು ಪುಟ ಆಗಬೇಕು, ಜನ ಅದರಲ್ಲಿ ಬಂದು ಮಾತಾಡಬೇಕು. ಆಡಿದರೆ ಕಂಪ್ಯೂಟರ್ ನಮ್ಮವು. ಆಡದಿದ್ದರೆ ಪೆಟ್ಟಿಗೆ ಸಮೇತ ಪಕ್ಕದೂರಿಗೆ. ಕಂಪ್ಯೂಟರ್ ಹೋದರೆ ನನ್ನ ಅರ್ಧ ದಿನದ ಕೆಲಸವೂ ಹೋಯಿತು. ಓದುಮನೆಯ ಅಧ್ಯಕ್ಷ ಪರೂಷೆವ್ ಸಾಹೇಬರು ಮುಖಕ್ಕೇ ಹೇಳಿದ್ದಾರೆ.

ಇದಕ್ಕೆ ನನ್ನನ್ನೇ ಏಕೆ ಹಾಕಿದರೋ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಸಂಜೆ ಶಾಲೆಗೆ ಸೇರಿ, ಬಿಟ್ಟು, ಮತ್ತೆ ಸೇರಿ, ಮತ್ತೆ ಬಿಟ್ಟವಳು. ಸ್ವೆಟರ್ ಕಾರ್ಖಾನೆ ಮುಚ್ಚುವವರೆಗೆ ಹೆಣಿಗೆ ಯಂತ್ರ ನೋಡಿಕೊಂಡಿದ್ದವಳು. ಕಾರಣ ಇಷ್ಟೇ — ಆಫೀಸಿನ ಹಳೇ ಕಂಪ್ಯೂಟರಿನಲ್ಲಿ ಊರವರಿಗೆ ಸಾವಿನ ಚೀಟಿ ಮಾಡಿಕೊಡುವುದು ನಾನು. ಫೋಟೋ, ಹೆಸರು, ವಯಸ್ಸು, ಎರಡು ಸಾಲು ದುಃಖ. ಹೋದ ದಿನದ್ದು, ನಲವತ್ತನೇ ದಿನದ್ದು, ಆರು ತಿಂಗಳದ್ದು, ವರ್ಷದ್ದು. ಕಂಬಕ್ಕೆ ಅಂಟಿಸಲು ಎಷ್ಟು ಬೇಕೋ ಅಷ್ಟು. ಅದೊಂದು ತಪ್ಪಿಲ್ಲದೆ ಬರುತ್ತದೆ ನನಗೆ. “ಚೀಟಿ ಮಾಡ್ತಾಳಲ್ಲ, ಇದನ್ನೂ ಮಾಡ್ತಾಳೆ ಬಿಡಿ” ಅಂದರಂತೆ ಸಭೆಯಲ್ಲಿ.

ಹೆದರಿಕೆ ಇದೆ. ಆದರೂ... ಯಾರಿಗೂ ಹೇಳಿಲ್ಲ, ಒಳಗೊಳಗೇ ಖುಷಿ.

ಮಾರ್ಚ್ 12, ಶುಕ್ರವಾರ

ಕಲೀನಾ ಬಂದಿದ್ದಳು ಬೆಳಗಿನ ಬಸ್ಸಿಗೆ. ಜಿಲ್ಲಾ ಗ್ರಂಥಾಲಯದವಳು, ಸುತ್ತಲಿನ ಊರುಗಳ ಗ್ರಂಥಪಾಲಕರಿಗೆಲ್ಲ ಇದನ್ನು ಕಲಿಸುವವಳು. ಮೂವತ್ತರ ಆಚೀಚೆ. ತುಂಡು ಕೂದಲು. ಮಾತಿಗೆ ಬ್ರೇಕಿಲ್ಲ.

“ಗಿಂಕಾ ಅಕ್ಕ, ಯಾಕಿಷ್ಟು ದೂರ ಕೂತಿದೀರ? ಕಚ್ಚಲ್ಲ ಅದು. ನೀವು ಏನ್ ಒತ್ತಿದ್ರೂ ಇಂಟರ್ನೆಟ್ ಒಡೆದುಹೋಗಲ್ಲ.”

“ನನ್ನ ಕೈಯಲ್ಲಿ ಒಡೆಯದ್ದು ಇನ್ನೂ ಹುಟ್ಟಿಲ್ಲಮ್ಮ.”

ನಕ್ಕಳು. ನನ್ನ ಕೈಯ ಮೇಲೆ ಕೈಯಿಟ್ಟು ಮೌಸ್ ಓಡಿಸಿದಳು. ಮಾರ್ಚ್ ಒಂದಕ್ಕೆ ಶುಭವಾಗಲೆಂದು ಕಟ್ಟಿಕೊಂಡ ಕೆಂಪು-ಬಿಳಿ ದಾರ ಇನ್ನೂ ಮಣಿಕಟ್ಟಿನಲ್ಲಿದೆ, ಅದು ಮೌಸಿನ ಬಾಲಕ್ಕೆ ಸಿಕ್ಕಿಹಾಕಿಕೊಂಡಿತು. ಅಪಶಕುನವೋ ಏನೋ ಎಂದು ಗಾಬರಿ. ಶುಭ ಅಂದಳು ಅವಳು.

ಬ್ಲಾಗ್ ಎಂದರೆ ಗೋಡೆಗೆ ಅಂಟಿಸಿದ ಹಾಗೆಯೇ ಅಂತೆ. ವ್ಯತ್ಯಾಸ ಏನೆಂದರೆ ಓದಿದವರು ಅದರ ಕೆಳಗೆ ತಮ್ಮ ಮಾತನ್ನೂ ಬರೆಯಬಹುದು. ಅಷ್ಟು ಅರ್ಥವಾಯಿತು. ಟ್ಯಾಗ್ ಎಂಬುದರ ಹೊತ್ತಿಗೆ ಬಿಸೆರಾ ಅಕ್ಕ ಡ್ರಾಯರು ಮುಚ್ಚಿ ಎದ್ದು ಬಂದರು.

“ಪುಸ್ತಕ ಯಾವ ವಿಷಯದ್ದು ಅಂತ ಓದುಗರೇ ಬರೀಬಹುದಾ?”

“ಬರೀಬಹುದು ಮೇಡಂ.”

“ಯಾರು ಬೇಕಾದ್ರೂ?”

“ಯಾರು ಬೇಕಾದ್ರೂ.”

“ಜೇನು ಸಾಕೋ ಪುಸ್ತಕಕ್ಕೆ ಅಡುಗೆ ಅಂತ ಬರೆದ್ರೆ?”

“ಬರೀಲಿ ಬಿಡಿ. ತಿನ್ನೋದಕ್ಕೆ ತಾನೆ ಜೇನು.”

“ಹಾಗಾದ್ರೆ ಅಷ್ಟು ವರ್ಷ ಸೋಫಿಯಾದಲ್ಲಿ ಕೂತು ಗ್ರಂಥಪಾಲಕಿ ಆಗೋಕೆ ನಾನು ಓದಿದ್ದು ಏನನ್ನ?”

ಹೋಗಿ ಕಿಟಕಿಯ ಗಿಡಗಳಿಗೆ ನೀರು ಹಾಕತೊಡಗಿದರು. ಕಲೀನಾ ಪಿಸುಗುಟ್ಟಿದಳು: “ಕೋಪ ಬಂತಾ?”

“ಇಲ್ಲ. ಕೋಪ ಬಂದ್ರೆ ಗಿಡ ಒಣಗುತ್ತೆ. ನೀರು ಹಾಕ್ತಿದಾರೆ ಅಂದ್ರೆ ಯೋಚನೆ ಮಾಡ್ತಿದಾರೆ.”

ಮಾರ್ಚ್ 18, ಗುರುವಾರ

ಹಾಕಿದೆ! ನಾನೇ, ಒಬ್ಬಳೇ! “ಗೋರ್ನಾ ಲೀಪದ ಗ್ರಂಥಾಲಯಕ್ಕೆ ಸ್ವಾಗತ. ಬೆಳಿಗ್ಗೆ ಒಂಬತ್ತರಿಂದ ತೆರೆದಿರುತ್ತದೆ.” ಓದಿದೆ, ಮತ್ತೆ ಓದಿದೆ. ತಪ್ಪಿದ್ದರೆ? ಇಡೀ ಪ್ರಪಂಚ ನೋಡುತ್ತದಂತೆ. ಕಣ್ಣು ಮುಚ್ಚಿ ಒತ್ತಿದೆ.

ಓಡಿಹೋಗಿ ಕಿಟಕಿಯಿಂದ ಚೌಕ ನೋಡಿದೆ. ಏನೂ ಬದಲಾಗಿರಲಿಲ್ಲ. ಬ್ರೆಡ್ ಅಂಗಡಿಯ ನಾಯಿ ಮಲಗಿತ್ತು. ನನಗೇ ನಗು ಬಂತು — ಏನಾಗಬೇಕಿತ್ತು, ಗಂಟೆ ಬಾರಿಸಬೇಕಿತ್ತೇ?

ಆದರೂ ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ಮಾರ್ಚ್ 30, ಮಂಗಳವಾರ

ಮಾತುಗಳು: ಸೊನ್ನೆ. ಅಲ್ಲ, ಎರಡಿವೆ. ಒಂದು ಕಲೀನಾಳದ್ದು, “ಭಲೇ!” ಎಂದು. ಇನ್ನೊಂದು ಇಂಗ್ಲಿಷಿನಲ್ಲಿ, ಯಾರೋ ಕೈಗಡಿಯಾರ ಮಾರುವವನು.

ಮೆತೋದಿಗೆ ಹೇಳಿದೆ. ಗಂಡ ಎನಿಸಿಕೊಂಡವನು ಸಮಾಧಾನ ಮಾಡುತ್ತಾನೆ ಎಂದುಕೊಂಡಿದ್ದೆ.

“ಗಡಿಯಾರದವನು ಯಾವ ಊರವನಂತೆ?”

“ನನಗೇನು ಗೊತ್ತು.”

“ಕೇಳು ಮತ್ತೆ. ಬರೋ ಒಬ್ಬ ಓದುಗನ್ನೂ ಕಳ್ಕೋಬೇಡ. ಸದಸ್ಯತ್ವದ ಕಾರ್ಡ್ ಮಾಡ್ಕೊಡು.”

ನಗಲಿ. ಕೆಲಸ ಹೋದ ದಿನ ನಗುತ್ತಾನಾ ನೋಡುತ್ತೇನೆ. ಪರೂಷೆವ್ ಸಾಹೇಬರು ಇವತ್ತು ಮೆಟ್ಟಿಲು ಹತ್ತಿ ಬಂದು ಪೆಟ್ಟಿಗೆಗಳನ್ನು ನೋಡಿ ಹೋದರು. ಬೆರಳಿನಿಂದ ಧೂಳು ಒರೆಸಿ, ಬೆರಳು ನೋಡಿಕೊಂಡರು.

ಏಪ್ರಿಲ್ 13, ಮಂಗಳವಾರ

ಈಸ್ಟರ್ ಹಬ್ಬ ಕಳೆಯಿತು. ಕೆಂಪು ಮೊಟ್ಟೆಯ ಫೋಟೋ ಹಾಕಿದ್ದೆ, ಅದಕ್ಕೂ ಯಾರೂ ಮಾತಾಡಲಿಲ್ಲ. ಕಲೀನಾಗೆ ಫೋನ್ ಮಾಡಿದೆ, ಅಳುವುದೊಂದು ಬಾಕಿ.

“ಗಿಂಕಾ ಅಕ್ಕ, ತೆರೆಯೋ ಹೊತ್ತು ಮುಚ್ಚೋ ಹೊತ್ತಿನ ಬಗ್ಗೆ ಯಾರು ಮಾತಾಡ್ತಾರೆ ಹೇಳಿ? ಜನಕ್ಕೆ ಬೇಕಾಗಿರೋದು ಜನ. ನಿಮ್ಮ ಹಳೇ ಓದುಗರೊಬ್ಬರನ್ನ ಹಾಕಿ, ಫೋಟೋ ಸಮೇತ. ಅವರ ಬಗ್ಗೆ ನೆನಪಿರೋದನ್ನ ಬರೀರಿ ಅಂತ ಕೇಳಿ. ಪುಟದ ವಿಳಾಸ ಒಂದು ಹಾಳೇಲಿ ಅಚ್ಚು ಹಾಕಿ, ಊರವರು ನಿಂತು ಓದೋ ಕಡೆ ಅಂಟಿಸಿಬಿಡಿ.”

ಅಯ್ಯೋ, ಎಷ್ಟು ಸುಲಭ! ಮೊದಲೇ ಹೊಳೆಯಬಾರದಿತ್ತೇ!

ಮಧ್ಯಾಹ್ನ ಹರಲಾಂಪಿ ಮಾಮ ಪುಸ್ತಕ ಹಿಂದಿರುಗಿಸಲು ಬಂದರು. ನಿವೃತ್ತ ರೈಲು ಡ್ರೈವರ್. ನಮ್ಮ ಕವಲು ಮಾರ್ಗ ಮುಚ್ಚುವವರೆಗೆ ಅದರಲ್ಲೇ ಓಡಾಡಿದವರು. ಈಗ ನದಿ, ಗಾಳ, ಪತ್ತೇದಾರಿ ಕಾದಂಬರಿ. ಕೇಳಿದೆ. ಒಪ್ಪಿದರು. ನಾಳೆ ಫೋಟೋಗೆ ಬರುತ್ತೇನೆ, ಹೀಗೆ ಮೀನಿನ ವಾಸನೆಯಲ್ಲಿ ಬೇಡ ಅಂದರು.

ಏಪ್ರಿಲ್ 14, ಬುಧವಾರ

ಬಂದರು, ರೈಲ್ವೆಯ ಕಪ್ಪು ಕೋಟು ಹಾಕಿಕೊಂಡು, ಕತ್ತಿನವರೆಗೂ ಗುಂಡಿ.

“ಸ್ವಲ್ಪ ನಗಿ ಮಾಮ.”

“ಯಾಕೆ? ಪಾಸ್‌ಪೋರ್ಟ್‌ನಲ್ಲಿ ನಗ್ತಾರಾ?”

“ಇದು ಪಾಸ್‌ಪೋರ್ಟ್ ಅಲ್ಲ ಮಾಮ, ಇಂಟರ್ನೆಟ್.”

“ಇನ್ನೂ ದೂರ ಹೋಗುತ್ತೆ ಅಂತಾಯ್ತು. ನಗೋದು ಬೇಡ.”

ಗಂಭೀರವಾಗಿಯೇ ಬಂತು ಫೋಟೋ. ಚೆನ್ನಾಗಿದೆ.

ಏಪ್ರಿಲ್ 16, ಶುಕ್ರವಾರ

ಇವತ್ತು ನನ್ನ ದಿನ! ಬಿಸೆರಾ ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಕೇಳಲು ಯಾರೂ ಇಲ್ಲ ಎಂದು ಬೆಳಿಗ್ಗೆ ಹೆದರಿಕೊಂಡಿದ್ದೆ. ಆದರೆ ಎಲ್ಲವನ್ನೂ ನಾನೇ ಮಾಡಿದೆ.

ಪುಟಕ್ಕೆ ಫೋಟೋ ಹಾಕಿದೆ. ಆಮೇಲೆ ಅಂಟಿಸುವ ಹಾಳೆ. ಹೊಸದಾಗಿ ಅಳತೆ ಕೂಡಿಸುತ್ತ ಕೂತರೆ ಎಲ್ಲೋ ಒಂದು ಕಡೆ ಕೆಡಿಸುತ್ತೇನೆ. ಅದಕ್ಕೇ ಚೀಟಿಯ ಫೈಲನ್ನೇ ತೆಗೆದೆ. ಫೋಟೋದ ಜಾಗ, ಹೆಸರಿನ ಜಾಗ, ಸುತ್ತ ಗೆರೆ, ಎಲ್ಲ ಅದರಲ್ಲಿ ಸರಿಯಾಗಿ ಕೂತಿದೆ. ಶಿಲುಬೆ ಅಳಿಸಿದೆ. ಆ ಜಾಗ ಬೋಳು ಕಂಡಿತು. ಚಂದಕ್ಕೆ ಒಂದು ಎಲೆ ಇಟ್ಟೆ.

“ಹರಲಾಂಪಿ ತೊಂಚೆವ್, 74. ನಮ್ಮೆಲ್ಲರ ನೆಚ್ಚಿನ ಓದುಗ. ಅವರ ನೆನಪುಗಳನ್ನು ನಮ್ಮೊಡನೆ ಹಂಚಿಕೊಳ್ಳಿ.” ಕೆಳಗೆ ಪುಟದ ವಿಳಾಸ.

ಪ್ರಿಂಟರಿನಲ್ಲಿ ಕಪ್ಪು ಶಾಯಿ ಮಾತ್ರ ಇದೆ. ಅದೂ ಗಾಢವಾಗಿ ಬಂತು, ಪುಣ್ಯಕ್ಕೆ.

ಕತ್ತಲಾಗುವ ಮುಂಚೆ ಅಂಟಿಸಿಬಂದೆ. ಬ್ರೆಡ್ ಅಂಗಡಿಯ ಮುಂದಿನ ಕಂಬ, ಬಸ್ ಸ್ಟಾಪ್, ಪೋಸ್ಟ್ ಆಫೀಸು, ಚರ್ಚಿನ ಗೇಟು. ಬೆಳಿಗ್ಗೆ ಎದ್ದ ತಕ್ಷಣ ಯಾರು ಹೋದರು ಎಂದು ನೋಡಲು ಊರೆಲ್ಲ ನಿಲ್ಲುವುದು ಅಲ್ಲೇ ತಾನೆ. ಯಾರ ಕಣ್ಣೂ ತಪ್ಪುವುದಿಲ್ಲ.

ನಿದ್ದೆ ಬರುವ ಹಾಗಿಲ್ಲ. ನಾಳೆ ಎಷ್ಟು ಜನ ಬರೆಯುತ್ತಾರೋ!

ಏಪ್ರಿಲ್ 17, ಶನಿವಾರ

ದೇವರೇ.

ಸತ್ತೆ. ಅಲ್ಲ, ಸಾಯಿಸಿದೆ.

ಬಾಗಿಲು ಬಡಿದದ್ದು ಬಿಸೆರಾ ಅಕ್ಕ. ಒಂದು ಕೆನ್ನೆ ಊದಿತ್ತು. ಕೈಯಲ್ಲಿ ಕಿತ್ತುಕೊಂಡು ಬಂದ ನನ್ನ ಹಾಳೆ.

“ಇದೇನೇ?”

“ಓದುಗರ ಪರಿಚಯ ಅಕ್ಕಾ...”

“ಕಪ್ಪು ಚೌಕಟ್ಟು!”

“ಫೈಲಲ್ಲೇ ಇತ್ತು.”

“ಎಲೆ!”

“ಶಿಲುಬೆ ತೆಗೆದಿದೀನಲ್ಲಕ್ಕಾ...”

“ಶಿಲುಬೆ ಬೇಡ ಅಂದೋರಿಗೆ ಎಲೆನೇ ಹಾಕೋದು ಕಣೇ! ನೀನೇ ಎಷ್ಟು ಜನಕ್ಕೆ ಹಾಕಿದೀಯ!”

ಹೌದು. ಅದಕ್ಕೇ ಕೈ ತಾನಾಗಿ ಎಲೆಯ ಕಡೆ ಹೋದದ್ದು.

ಆದದ್ದು ಇಷ್ಟು. ಹರಲಾಂಪಿ ಮಾಮ ನಸುಕಿಗೇ ಎದ್ದು ನದಿಗೆ ಹೋಗಿದ್ದರು. ಅವರ ಹೆಂಡತಿ ಸ್ತಮೆನಾ ಅತ್ತೆ ಬ್ರೆಡ್ಡಿಗೆ ಬಂದರು. ಕಂಬದ ಮುಂದೆ ಜನ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದರು. ಯಾರಪ್ಪಾ ಎಂದು ಇವರೂ ಬಗ್ಗಿ ನೋಡಿದರು. ಗಂಡ! ನೀರಿಗೆ ಬಿದ್ದರು, ಊರಿಗೆಲ್ಲ ಗೊತ್ತಾಗಿದೆ, ತನಗೊಬ್ಬಳಿಗೇ ಗೊತ್ತಿಲ್ಲ ಎಂದುಕೊಂಡರಂತೆ. ಬೆಂಚಿನ ಮೇಲೆ ಮಲಗಿಸಿ ನೀರು ಹಾಕಬೇಕಾಯಿತು. ರಕ್ತದೊತ್ತಡ ಇರುವವರು. ಏನಾದರೂ ಆಗಿಬಿಟ್ಟಿದ್ದರೆ... ಬರೆಯಲು ಕೈ ಬರುತ್ತಿಲ್ಲ.

ಗಂಡಸರು ನದಿಗೆ ಓಡಿದರು. ಮೆತೋದಿಯೂ ಹೋಗಿದ್ದ. ಅವನು ಹೇಳಿದ್ದು ಇದು: ಮಾಮ ದಡದಲ್ಲಿ ಕೂತಿದ್ದಾರೆ, ಗಾಳ ಹಿಡಿದು.

“ಮಾಮಾ! ನೀವು ಸತ್ತಿದೀರ!”

“ಮೆತ್ತಗೆ ಹೇಳೋ. ಮೀನು ಓಡುತ್ತೆ.”

ಮೆತೋದಿ ಇದನ್ನು ಹೇಳಿ ನಗುತ್ತಾನೆ. ನಾನು ನಗಲಾರೆ. ಸ್ತಮೆನಾ ಅತ್ತೆಯ ಮನೆಗೆ ಹೋದೆ, ಕ್ಷಮೆ ಕೇಳಲು. ಬಾಗಿಲು ತೆರೆಯಲಿಲ್ಲ. ಒಳಗಿಂದಲೇ ಅಂದರು: “ನಿನ್ನ ಗಂಡನ ಫೋಟೋನೂ ಅಂಟಿಸು ಹೋಗು. ಆಮೇಲೆ ಬಾ, ಮಾತಾಡೋಣ.”

ಏಪ್ರಿಲ್ 23, ಶುಕ್ರವಾರ

ಇಷ್ಟು ದಿನ ಜ್ವರ ಎಂದು ಹೇಳಿ ಮನೆಯಲ್ಲೇ ಇದ್ದೆ. ನಿಜವಾಗಿಯೂ ಬಂದಿತ್ತೇನೋ. ಬಿಸೆರಾ ಅಕ್ಕನೇ ಬಂದು ಕೋಟು ಹಾಕಿಸಿ ಎಳೆದುಕೊಂಡು ಹೋದರು.

“ನಿನ್ನ ಮಹಾರಾಣಿ ಬೆಳಗ್ತಾ ಕೂತಿದಾಳೆ. ಏನೋ ಆಗಿದೆ ಅದಕ್ಕೆ. ಬಂದು ನೋಡು.”

ಪಾಸ್‌ವರ್ಡ್ ಒಂದೇ ಸಲಕ್ಕೆ ನೆನಪಾಯಿತು. ಒಳಗೆ ಹೋದೆ —

ಮಾತುಗಳು! ಎಳೆದಷ್ಟೂ ಕೆಳಗೆ ಕೆಳಗೆ ಹೋಗುತ್ತಿವೆ. ಬ್ರೆಡ್ ಅಂಗಡಿಯವರ ಮಗಳು ಕಂಬದ ಫೋಟೋ ತೆಗೆದು ಸ್ಪೇನಿನಲ್ಲಿರುವ ಅಕ್ಕನಿಗೆ ಕಳಿಸಿದಳಂತೆ. ಅಲ್ಲಿಂದ ಹಬ್ಬಿದೆ. ಮೊದಲಿನವೆಲ್ಲ ಸತ್ತವರಿಗೆ ಹೇಳುವ “ದೇವರು ಅವರನ್ನು ಕ್ಷಮಿಸಲಿ” ಎಂಬ ಮಾತೇ. ಆಮೇಲೆ ಒಂದೊಂದೇ ನೆನಪು. ವಲೆನ್ಸಿಯಾದಿಂದ ಸ್ತೋಯಿಲ್ ಎಂಬವನು: ನಾನು ಸೈನ್ಯಕ್ಕೆ ಹೊರಟ ದಿನ ಅಮ್ಮ ಚೀಸ್ ತುಂಬಿದ ಬಾನಿತ್ಸಾ ರೊಟ್ಟಿ ಕಟ್ಟಿಕೊಂಡು ಹೊಲದಲ್ಲಿ ಓಡಿ ಬರುತ್ತಿದ್ದಳು, ಹರಲಾಂಪಿ ಮಾಮ ಕಂಡು ರೈಲು ನಿಲ್ಲಿಸಿದರು. ಶಿಕಾಗೋದಿಂದ ಇನ್ನೊಬ್ಬ: ಶೀಟಿ ಹಾಕುವುದನ್ನು ನನಗೆ ಕಲಿಸಿದವರು ಅವರು. ಬರ್ಲಿನ್, ಸೋಫಿಯಾ, ರೂಸೆ...

ಓದುತ್ತ ಓದುತ್ತ ಎದ್ದು ನಿಂತುಬಿಟ್ಟಿದ್ದೆ. ಬಿಸೆರಾ ಅಕ್ಕ ಬೆನ್ನ ಹಿಂದೆ. ಕನ್ನಡಕ ಹಣೆಗೇರಿಸಿಕೊಂಡು.

“ಇವರೆಲ್ಲ ನಮ್ಮ ಓದುಗರು ಕಣೇ. ಈ ಸ್ತೋಯಿಲ್ ಒಂದು ಭೂಗೋಳದ ಪುಸ್ತಕ ವಾಪಸ್ ಕೊಡದೇ ಹೋಗಿದಾನೆ. ಬರಿ ಅವನಿಗೆ!”

ನಗುತ್ತ ಅಳುತ್ತ ಬರೆದೆ. ಮಾಮ ಬದುಕಿದ್ದಾರೆ, ತಪ್ಪು ನನ್ನದು, ಕ್ಷಮಿಸಿ ಎಂದು. ಭೂಗೋಳದ ವಿಷಯವನ್ನೂ.

ಏಪ್ರಿಲ್ 27, ಮಂಗಳವಾರ

ಹರಲಾಂಪಿ ಮಾಮ ಬಂದರು. ಎದ್ದು ಓಡೋಣ ಎನಿಸಿತು. ಕೈಯಲ್ಲಿ ಬಟ್ಟಲು.

“ತಿನ್ನು. ಪಕ್ಕದ ಮನೆಯವಳು ನನ್ನ ಆತ್ಮಕ್ಕೆ ಅಂತ ಅವತ್ತು ತಂದಿಟ್ಟ ಗೋಧಿ ದಂಡ ಆಗಬಾರದು ಅಂತ ನಿನ್ನೆ ಬೇಯಿಸಿದ್ಲು. ವಾಕರಿಕೆ ಬರೋಷ್ಟು ಸಕ್ಕರೆ. ನಾನೇ ತಿಂದು ಮುಗಿಸೋಕಾಗ್ತಿಲ್ಲ.”

“ಮಾಮ, ಬೈದುಬಿಡಿ ನನ್ನ.”

“ಯಾಕೆ ಬೈಲಿ? ಊರಲ್ಲಿ ಯಾರು ಅತ್ರು, ಯಾರು ಅಳಲಿಲ್ಲ, ಎಲ್ಲಾ ಗೊತ್ತಾಯ್ತು. ಇಂಥ ಭಾಗ್ಯ ಯಾರಿಗೆ ಸಿಗುತ್ತೆ? ತೋರ್ಸು, ಏನ್ ಬರೆದಿದಾರೆ ನನ್ನ ಬಗ್ಗೆ.”

ಓದಿ ಹೇಳಿದೆ. ಕಿವಿ ಕೆಂಪಾಯಿತು ಅವರಿಗೆ. ಒಂದು ಕಡೆ ತಡೆದರು. “ಸ್ತೋಯಿಲ್‌ಗೆ ಉತ್ತರ ಕೊಡಬೇಕು. ಹೇಗೆ?”

ಅವರನ್ನೇ ಕೂರಿಸಿದೆ. ಕಲೀನಾ ನನಗೆ ಮಾಡಿದ ಹಾಗೆ ಕೈಯ ಮೇಲೆ ಕೈಯಿಟ್ಟು ಮೌಸ್ ಓಡಿಸಿದೆ. ನಾನು! ಇನ್ನೊಬ್ಬರಿಗೆ ಕಲಿಸುತ್ತಿದ್ದೇನೆ! ಒಂದು ಬೆರಳಿನಲ್ಲಿ, ಅಕ್ಷರಕ್ಕೆ ಅಕ್ಷರ ಹುಡುಕಿ ಹೊಡೆದರು: “ನಾನು ಹರಲಾಂಪಿ. ಬದುಕಿದ್ದೇನೆ. ನಿನ್ನ ಅಮ್ಮನ ಬಾನಿತ್ಸಾದಲ್ಲಿ ಉಪ್ಪು ಜಾಸ್ತಿ ಇತ್ತು.”

ಚಹಾ ಕುದಿಯುವಷ್ಟರಲ್ಲಿ ವಲೆನ್ಸಿಯಾದಿಂದ ಉತ್ತರ. “ಹೌದು ಮಾಮ!! ಯಾವಾಗಲೂ!!” ಮಾಮ ಕುರ್ಚಿಯಿಂದ ಬೀಳುವುದೊಂದು ಬಾಕಿ. ಸ್ಪೇನು ಇಷ್ಟು ಹತ್ತಿರವೇ ಎಂದು ಹತ್ತು ಸಲ ಕೇಳಿದರು.

ಏಪ್ರಿಲ್ 30, ಶುಕ್ರವಾರ

ಸ್ತಮೆನಾ ಅತ್ತೆ. ಒಬ್ಬರೇ. ಚೀಲ ಮಡಿಲಲ್ಲಿಟ್ಟುಕೊಂಡು ಕೂತರು, ನನ್ನ ಕಡೆ ನೋಡಲಿಲ್ಲ.

“ನಿನ್ನ ಜೊತೆ ಮಾತಾಡೋಕೆ ಬಂದಿಲ್ಲ. ಆ ಪೆಟ್ಟಿಗೆ ಜೊತೆ ಬಂದಿದೀನಿ. ಓದು.”

ಓದಿದೆ. ಎದ್ದು ಹೋಗುವಾಗ ಬಾಗಿಲಲ್ಲಿ: “ಹೊಸದು ಬಂದ್ರೆ ಸೋಮವಾರ ಹೇಳು.”

ಅಂದರೆ ಸೋಮವಾರವೂ ಬರುತ್ತಾರೆ!

ಮೇ 10, ಸೋಮವಾರ

ದಿನಾ ಬರುತ್ತಿದ್ದಾರೆ ಅತ್ತೆ. ಈಗ ಕುರ್ಚಿ ನನ್ನ ಪಕ್ಕಕ್ಕೇ ಎಳೆದುಕೊಳ್ಳುತ್ತಾರೆ. ಜನವೂ ಬರುತ್ತಾರೆ, ಹೊರದೇಶದ ಮಕ್ಕಳ ಮಾತು ನೋಡಬೇಕು, ತಮ್ಮದೂ ಬರೆಯಬೇಕು ಎಂದು. ಇಂಟರ್ನೆಟ್ ಇರುವುದು ಒಂದೇ ಯಂತ್ರಕ್ಕೆ. ಮಿಕ್ಕವು ಪೆಟ್ಟಿಗೆಯಲ್ಲಿ. ಸಾಲು ಮೆಟ್ಟಿಲವರೆಗೆ.

ಇವತ್ತು ಪ್ಲೊವ್ದಿವ್‌ನಿಂದ ಒಂದು ಬಂತು. ಗಟ್ಟಿಯಾಗಿ ಓದತೊಡಗಿ ನಡುವೆ ನಿಲ್ಲಿಸಿದೆ.

“ಯಾಕೆ ನಿಲ್ಲಿಸ್ದೆ? ಓದು.”

“ಅತ್ತೆ, ಇದು... ‘ಪ್ರತಿ ಶುಕ್ರವಾರ ಅವರ ಎಂಜಿನ್ನಿಗಾಗಿ ಕಾಯುತ್ತಿದ್ದೆ...’”

“ಯಾವಳವಳು?”

“ಸ್ನೆಜಾನಾ ಅಂತೆ.”

“ಸ್ನೆಜಾನಾ! ಎಷ್ಟು ವರ್ಷ ಶುಕ್ರವಾರ ರಾತ್ರಿ ತಡವಾಗಿ ಬರ್ತಿದ್ರು. ಸಿಗ್ನಲ್ ಸಿಗಲಿಲ್ಲ ಅಂತಿದ್ರು! ಓದೇ!”

ಓದಿದೆ. ಆ ಸ್ನೆಜಾನಾ ಆಗ ಒಂಬತ್ತು ವರ್ಷದವಳು. ಹೊಲಗಳ ನಡುವಿನ ಒಂದು ಹಾಲ್ಟಿನಲ್ಲಿ ಅವಳಪ್ಪ ಬಾವುಟ ತೋರಿಸುತ್ತಿದ್ದ. ಶಾಲೆ ದೂರ, ಗ್ರಂಥಾಲಯ ಇನ್ನೂ ದೂರ. ಹರಲಾಂಪಿ ಮಾಮ ಪ್ರತಿ ಶುಕ್ರವಾರ ಎಂಜಿನ್ನಿನಿಂದ ಇಳಿದು ಒಂದು ಪುಸ್ತಕ ಕೊಡುತ್ತಿದ್ದರು, ಹಳೆಯದನ್ನು ಇಸಕೊಳ್ಳುತ್ತಿದ್ದರು. ಅವಳಿಗೊಬ್ಬಳಿಗೇ ಅಲ್ಲ, ದಾರಿಯ ಎಲ್ಲಾ ಹಾಲ್ಟುಗಳಿಗೂ. ಎಲ್ಲ ಅವರ ಒಂದು ಕಾರ್ಡಿನ ಮೇಲೆ. ಅವಳು ಈಗ ಮಕ್ಕಳ ಡಾಕ್ಟರ್.

ಮೊದಲು ಬಾಯಿಬಿಟ್ಟದ್ದು ಬಿಸೆರಾ ಅಕ್ಕ.

“ಅದಕ್ಕೇನಾ ಪುಸ್ತಕ ಎಲ್ಲಾ ಮಸಿ ಮಸಿ ಆಗಿ ಬರ್ತಿತ್ತು? ಎಂಜಿನ್ನಲ್ಲಿ ಓದ್ತೀರಾ, ಕಲ್ಲಿದ್ದಲಲ್ಲಿ ಹೂಳ್ತೀರಾ ಅಂತ ಎಷ್ಟು ಬೈದಿದೀನಿ ಆ ಮನುಷ್ಯನಿಗೆ! ಒಂದು ಮಾತು ಹೇಳ್ಬಾರದಾ?”

“ಹೇಳಲ್ಲ ಅವರು,” ಅಂದರು ಸ್ತಮೆನಾ ಅತ್ತೆ. “ಸಿಗ್ನಲ್ ಸಿಗಲಿಲ್ಲ ಅಂತಾರೆ.”

ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು, ಇಷ್ಟು ದಿನಗಳಲ್ಲಿ ಮೊದಲ ಸಲ. “ಇನ್ನೊಂದ್ಸಲ ಓದು ಮಗಳೇ. ನಿಧಾನಕ್ಕೆ.”

ಮಗಳೇ ಅಂದರು.

ಮೇ 12, ಬುಧವಾರ

ನಿನ್ನೆ ಗ್ರಂಥಪಾಲಕರ ದಿನ, ಯಾರೋ ಲೈಲಾಕ್ ಹೂ ತಂದಿಟ್ಟಿದ್ದರು. ಆ ಘಮದಲ್ಲೇ ಪರೂಷೆವ್ ಸಾಹೇಬರ ಕರೆ ಬಂತು.

“ಇಡೀ ಜಿಲ್ಲೆ ನಗ್ತಿದೆ ಗಿಂಕಾ. ಮೇಯರ್ ಕೇಳ್ತಾರೆ — ನಿಮ್ಮ ಓದುಮನೇಲಿ ಬದುಕಿರೋರಿಗೂ ಚೀಟಿ ಮಾಡ್ತೀರಂತೆ, ನನಗೆ ಯಾವತ್ತು ಅಂತ! ಎಲ್ಲಿ ಇಟ್ಕೊಳ್ಳಲಿ ನನ್ನ ಮುಖನ? ಅಳಿಸು ಅದನ್ನ.”

“ಸಾಹೇಬ್ರೇ, ಜನ ಮಾತಾಡ್ತಿದಾರಲ್ಲ... ಅದೇ ತಾನೇ ಬೇಕಾಗಿದ್ದು...”

“ಅಳಿಸಿದ್ರೆ ಕ್ಷಮಿಸೋದೋ ಬೇಡವೋ ಯೋಚಿಸ್ತೀವಿ. ಇಲ್ಲದಿದ್ರೆ ಇಪ್ಪತ್ತೊಂದಕ್ಕೆ ಸಭೆ. ಪೆಟ್ಟಿಗೆಗಳನ್ನ ವಾಪಸ್ ಕಳಿಸೋ ಕಾಗದಕ್ಕೆ ಸಹಿ ಹಾಕ್ತೀನಿ. ನಿನ್ನ ಕಾಗದಕ್ಕೂ.”

ಕಲೀನಾಗೆ ಫೋನ್. “ಪುಟ ಜೀವಂತ ಇದೆ ಅಂತ ನಾನು ಬರೆದುಕೊಡ್ತೀನಿ ಗಿಂಕಾ ಅಕ್ಕ. ಇಂಥ ಪುಟ ಇಡೀ ಜಿಲ್ಲೇಲಿಲ್ಲ. ಆದ್ರೆ ಓದುಮನೆಯವರೇ ಬೇಡ ಅಂದ್ರೆ ನನ್ನ ಕೈಲೂ ಆಗಲ್ಲ. ಒಂದು ಮಾತು. ಅಳಿಸಿದ್ರೆ ಆ ಮಾತುಗಳೆಲ್ಲ ಹೋಗುತ್ತೆ. ಮತ್ತೆ ಬರಲ್ಲ.”

ಪ್ಲೊವ್ದಿವ್‌ನ ಸ್ನೆಜಾನಾ, ಸ್ತೋಯಿಲ್, ಶೀಟಿಯವನು. ಒಂದು ಗುಂಡಿ ಒತ್ತಿದರೆ ಸಾಕು. ಬೆರಳು ಅದರ ಮೇಲೇ ಇಟ್ಟುಕೊಂಡು ಕೂತಿದ್ದೆ. ಕೆಲಸ ಹೋದರೆ ನಮ್ಮೂರಲ್ಲಿ ಇನ್ನು ಯಾವ ಕೆಲಸ ಇದೆ ನನ್ನಂಥವಳಿಗೆ? ದ್ರಾಕ್ಷಿ ಕೀಳಲು ಸ್ಪೇನಿಗೆ ಹೋಗಬೇಕು, ಅಷ್ಟೇ.

ಬಿಸೆರಾ ಅಕ್ಕ ಬಂದು ನನ್ನ ಕೈಯನ್ನು ಮೌಸಿನಿಂದ ಎತ್ತಿ ಮಡಿಲಿಗೆ ಇಟ್ಟರು. “ಗ್ರಂಥಾಲಯದಲ್ಲಿ ಪುಸ್ತಕ ಸುಡೋರನ್ನ ನಾನು ಇಟ್ಕೊಳ್ಳಲ್ಲ,” ಅಂದರು. ಹೋಗಿ ಗಿಡಕ್ಕೆ ನೀರು ಹಾಕಿದರು.

ಅಳಿಸಲಿಲ್ಲ.

ಮೇ 21, ಶುಕ್ರವಾರ. ನಾಲ್ಕು ಗಂಟೆ ಇರಬಹುದು

ಕೆಳಗಿನ ಹಾಲ್‌ನ ಹೊರಗೆ ಕೂತಿದ್ದೇನೆ. ಒಳಗೆ ಸಭೆ. ನನ್ನನ್ನು ಹೊರಗೆ ಇರು ಅಂದರು. ಕೈ ಸುಮ್ಮನಿರಲಿ ಎಂದು ಬರೆಯುತ್ತಿದ್ದೇನೆ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಎಲ್ಲ ಕೇಳುತ್ತದೆ.

ಸಾಹೇಬರು ಮಾತಾಡುತ್ತಿದ್ದಾರೆ. ಮರ್ಯಾದೆ... ನಗೆಪಾಟಲು... ಇಂಥ ಸಂಸ್ಥೆಗೆ... ನನ್ನ ಹೆಸರು ಎರಡು ಸಲ ಬಂತು.

ಈಗ ಬಿಸೆರಾ ಅಕ್ಕ. ಹೊಸ ಸದಸ್ಯರ ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟ ಸದ್ದು. “ಡ್ರಾಯರ್ ಸಾಲ್ತಿಲ್ಲ ನನಗೆ,” ಅನ್ನುತ್ತಿದ್ದಾರೆ. ಅಯ್ಯೋ, ಅಕ್ಕ ಕಂಪ್ಯೂಟರಿನ ಪರ!

ಕುರ್ಚಿ ಸರಿದ ಸದ್ದು. ಹೆಂಗಸಿನ ದನಿ... ಸ್ತಮೆನಾ ಅತ್ತೆ! ಯಾವಾಗ ಹೋದರು ಒಳಗೆ? ಸಾಹೇಬರು ಸಮಾಧಾನದ ದನಿಯಲ್ಲಿ, “ಅಮ್ಮಾ, ನಿಮಗಾದ ನೋವಿಗೇ ಈ ಕ್ರಮ” ಅಂದರು.

“ನನ್ನ ನೋವು ನನ್ನ ಹತ್ರ ಇರ್ಲಿ ಪರೂಷೆವ್. ಅವತ್ತು ಬೆಂಚಿನ ಮೇಲೆ ಬಿದ್ದೋಳು ನಾನು, ನೀನಲ್ಲ. ಆ ಹುಡುಗಿಗೆ ಬೈಬೇಕಾದ್ದು ಬೈದೂ ಆಗಿದೆ. ಐವತ್ತು ವರ್ಷ ಒಂದೇ ಹಾಸಿಗೇಲಿ ಮಲಗಿದೀನಿ ಆ ಮನುಷ್ಯನ ಜೊತೆ, ಶುಕ್ರವಾರ ಎಲ್ಲಿರ್ತಿದ್ರು ಅಂತ ಗೊತ್ತಿರಲಿಲ್ಲ ನನಗೆ. ಈಗ ಗೊತ್ತಾಯ್ತು. ದಿನಾ ಒಂದೊಂದು ಗೊತ್ತಾಗ್ತಿದೆ. ಅಳಿಸಿ ನೋಡು! ನಿನ್ನ ಫೋಟೋನ ಎಲ್ಲಾ ಕಂಬಕ್ಕೂ ನಾನೇ ಅಂಟಿಸ್ತೀನಿ, ನೆನಪು ಬರೀರಿ ಅಂತ. ನೋಡೋಣ, ಯಾರು ಏನ್ ಬರೀತಾರೆ ಅಂತ!”

ಯಾರೋ ನಕ್ಕರು. ಎಲ್ಲರೂ ನಗುತ್ತಿದ್ದಾರೆ. ಆಮೇಲೆ ಏನೂ ಕೇಳುತ್ತಿಲ್ಲ. ಗುಸುಗುಸು.

ಕೈ ಎತ್ತುತ್ತಿದ್ದಾರೇನೋ. ಸಂದಿಯಲ್ಲಿ ನೋಡಲೇ? ಬೇಡ. ನೋಡಿದರೆ ಕೆಡುತ್ತದೆ.

ಬಾಗಿಲು. ಬಿಸೆರಾ ಅಕ್ಕ ತಲೆ ಹೊರಹಾಕಿದರು. “ಉಳೀತು. ಎಲ್ಲಾ ಉಳೀತು. ನೀನೂ. ಅಳ್ಬೇಡ, ಸೋಮವಾರದಿಂದ ಪೂರ್ತಿ ದಿನ ಬರಬೇಕು, ಮನೇಲಿ ಹೇಳ್ಬಿಡು.”

ಪೂರ್ತಿ ದಿನ! ಅಕ್ಷರ ಎಲ್ಲ ಕುಣಿಯುತ್ತಿವೆ. ಕಲೀನಾಗೆ ಹೇಳಬೇಕು, ಮೆತೋದಿಗೆ, ವಲೆನ್ಸಿಯಾಗೆ, ಎಲ್ಲರಿಗೂ —

ಪರೂಷೆವ್ ಸಾಹೇಬರು ಹೊರಗೆ ಬಂದರು. ಬಾಗಿಲು ಹಿಂದಿನಿಂದ ಎಳೆದುಕೊಂಡರು. ಟೈ ಸರಿಮಾಡಿಕೊಳ್ಳುತ್ತಿದ್ದಾರೆ. ಮುಂದಿನ ತಿಂಗಳು ಪುಟದಲ್ಲಿ ಹಾಕುವ ಓದುಗ ಯಾರು ಅಂತ ತೀರ್ಮಾನ ಆಗಿದೆಯಾ ಎಂದು ಕೇಳುತ್ತಿದ್ದಾರೆ. ಮೆತ್ತಗೆ. ಚೌಕಟ್ಟು ಹಸಿರಾದರೆ ಅಡ್ಡಿಯಿಲ್ಲವಂತೆ. ಜೇಬಿನಿಂದ ಎರಡು ಫೋಟೋ ತೆಗೆದರು, ಒಂದರಲ್ಲಿ ಟೋಪಿ ಇದೆ, ಒಂದರಲ್ಲಿ ಇಲ್ಲ. ಯಾವುದರಲ್ಲಿ ಜನಕ್ಕೆ ಇಷ್ಟವಾಗುತ್ತೇನೆ, ನಿಜ ಹೇಳು ಗಿಂಕಾ ಅನ್ನುತ್ತಿದ್ದಾರೆ. ನಿಜ ಹೇಳಿದರೆ ಪೂರ್ತಿ ದಿನದ ಕೆಲಸ ಇವತ್ತೇ ಹೋದೀತು.